ಮುಲಾಜಿಲ್ಲದೆ ಕ್ರಿಸ್‌ಮಸ್

ಚರ್ಚಿನ ಪಂಚಾಂಗದಲ್ಲಿ ಕ್ರಿಸ್‌ಮಸ್ ಕಾಲ ಶುರುವಾಗುವುದೇ ಡಿಸೆಂಬರ್ 24ರ ಸಂಜೆ. ಬಹಳಷ್ಟು ಮನೆಗಳಲ್ಲಿ ಅಷ್ಟು ಹೊತ್ತಿಗೆ ಹಬ್ಬದ ಉಮೇದು ಮುಗಿದಿರುತ್ತದೆ. ಪೇಟೆ ಸುತ್ತಿ ಕಾಲು ಸೋತಿರುತ್ತವೆ, ಬಾಣಲೆಯ ಮುಂದೆ ನಿಂತು ಸೊಂಟ ಹಿಡಿದಿರುತ್ತದೆ, ಯಾರಿಗೆ ಕೊಟ್ಟು ಯಾರನ್ನು ಬಿಟ್ಟರೆ ಮುಖ ಊದಿಸಿಕೊಳ್ಳುತ್ತಾರೆ ಎಂಬ ಲೆಕ್ಕದಲ್ಲಿ ತಲೆ ಬಿಸಿಯಾಗಿರುತ್ತದೆ. ಬಲಿಪೂಜೆಗೆ ಬಂದು ಕೂತವರು ಪ್ರವಚನ ಅರ್ಧಕ್ಕೆ ಬರುವಷ್ಟರಲ್ಲಿ ತೂಕಡಿಸುತ್ತಾರೆ. 26ರ ಬೆಳಗ್ಗೆ ಎದ್ದರೆ ಮೊದಲು ಬರುವ ಮಾತು ‘ಅಂತೂ ಮುಗೀತಪ್ಪ’. ಮಂಗಳೂರು, ಉಡುಪಿಯ ಕಥೋಲಿಕ ಮನೆಗಳಿಂದ ಹಿಡಿದು ಬೆಂಗಳೂರಿನ ಅಪಾರ್ಟ್‌ಮೆಂಟುಗಳವರೆಗೆ, ಅಮೆರಿಕದ ಉಪನಗರಗಳವರೆಗೂ ಈ ನಿಟ್ಟುಸಿರು ಒಂದೇ ತೆರನಾದದ್ದು. ಸಂತೋಷಪಡಲೆಂದೇ ಇರುವ ಹಬ್ಬ ಮುಗಿದಾಗ ಸಂತೋಷವಾಗುತ್ತದೆಂದರೆ ಎಲ್ಲೋ ಏನೋ ತಪ್ಪಿದೆ. ಎಲ್ಲಿ ತಪ್ಪಿದೆ, ಮುಂದಿನ ಡಿಸೆಂಬರ್‌ಗೆ ಮೊದಲು ಏನನ್ನು ಬದಲಿಸಬಹುದು ಎಂಬುದನ್ನು ನೋಡೋಣ.

‘ಕಡ್ಡಾಯ’ ಎನ್ನುವುದು ಚರ್ಚಿನಿಂದಲೇ ಬಂದದ್ದಲ್ಲವೇ ಎಂದು ಕೇಳುವವರಿದ್ದಾರೆ. ಹೌದು, ಕಥೋಲಿಕರಿಗೆ ಕ್ರಿಸ್‌ಮಸ್ ಕಡ್ಡಾಯದ ಹಬ್ಬಗಳಲ್ಲೊಂದು. 1983ರ ಕ್ಯಾನನ್ ಕಾನೂನು ಸಂಹಿತೆಯ 1246ನೇ ವಿಧಿ ಅದನ್ನು ಹೆಸರಿಸುತ್ತದೆ. ಆದರೆ ಆ ದಿನ ಭಕ್ತರು ಮಾಡಬೇಕಾದ್ದೇನು ಎಂದು ತಿಳಿಸುವ 1247ನೇ ವಿಧಿಯನ್ನು ಓದಿದರೆ ಅಚ್ಚರಿಯಾಗುತ್ತದೆ. ಬಲಿಪೂಜೆಯಲ್ಲಿ ಪಾಲ್ಗೊಳ್ಳಬೇಕು ಎಂಬುದು ಒಂದು. ಆರಾಧನೆಗೆ, ದಿನಕ್ಕೆ ತಕ್ಕ ಸಂತೋಷಕ್ಕೆ, ಮೈಮನಸ್ಸಿನ ವಿಶ್ರಾಂತಿಗೆ ಅಡ್ಡಿಯಾಗುವ ಕೆಲಸಗಳಿಂದ ದೂರವಿರಬೇಕು ಎಂಬುದು ಇನ್ನೊಂದು. ಅಲ್ಲಿಗೆ ಮುಗಿಯಿತು. ಕೇಕಿನ ಪ್ರಸ್ತಾಪವಿಲ್ಲ, ಹೊಸ ಬಟ್ಟೆಯ ಪ್ರಸ್ತಾಪವಿಲ್ಲ, ನಾದಿನಿಯ ಮಕ್ಕಳಿಗೆ ಏನು ಕೊಡಬೇಕೆಂಬುದಂತೂ ಇಲ್ಲವೇ ಇಲ್ಲ. ಸಂತೋಷಕ್ಕೆ ಅಡ್ಡಬರುವ ದುಡಿಮೆಯನ್ನು ಬಿಡಿ ಎನ್ನುವುದೇ ಇಲ್ಲಿನ ಕಟ್ಟಳೆ! ಪ್ರಾಟೆಸ್ಟೆಂಟ್ ಪರಂಪರೆಯ ಕೆಲವು ಶಾಖೆಗಳಂತೂ ಈ ಹಬ್ಬವನ್ನೇ ಬೇಡವೆಂದಿದ್ದವು. ಮಸಾಚುಸೆಟ್ಸ್‌ನ ಪ್ಯೂರಿಟನ್ನರು 1659ರಲ್ಲಿ ಕ್ರಿಸ್‌ಮಸ್ ಆಚರಿಸಿದವರಿಗೆ ಐದು ಶಿಲಿಂಗ್ ದಂಡ ಗೊತ್ತುಮಾಡಿದ್ದರು, ಆ ಕಾನೂನು ರದ್ದಾದದ್ದು 1681ರಲ್ಲಿ. ಸ್ಕಾಟ್ಲೆಂಡಿನಲ್ಲಿ ಅದು ಸಾರ್ವಜನಿಕ ರಜೆಯಾಗಲು 1958 ಬರಬೇಕಾಯಿತು. ಹಾಗಾಗಿ ನಮ್ಮ ಹೆಗಲ ಮೇಲಿನ ಹೊರೆಗೆ ಧರ್ಮವನ್ನು ದೂರುವುದು ಸಲ್ಲದು. ಅದನ್ನು ಹೇರಿದವರು ಬೇರೆ, ಬಹಳ ಸಲ ನಾವೇ.

ಡಿಸೆಂಬರ್ ಬಂತೆಂದರೆ ಇನ್ನೊಂದು ತರದ ಸಲಹೆ ಎಲ್ಲ ಕಡೆ ಸಿಗುತ್ತದೆ: ಇಷ್ಟವಿಲ್ಲದ್ದನ್ನು ಮಾಡಬೇಡಿ, ಯಾರ ಹಂಗೂ ಬೇಡ, ನಿಮ್ಮ ಪಾಡಿಗೆ ನೀವಿರಿ. ನನಗೆ ಈ ಸಲಹೆಯಲ್ಲಿ ನಂಬಿಕೆಯಿಲ್ಲ. ಮುದುಕಿಯಾದ ಸೋದರತ್ತೆಯನ್ನು ನೋಡಿಬರುವುದು, ಪಕ್ಕದ ಮನೆಗೆ ಒಂದು ತಟ್ಟೆ ತಿಂಡಿ ಕೊಟ್ಟುಬರುವುದು ಕರ್ತವ್ಯವೇ; ಅದನ್ನು ಮಾಡಿ ಬಂದ ಮೇಲೆ ಮನಸ್ಸು ಹಗುರಾಗುವುದೂ ನಿಜವೇ. ವ್ಯತ್ಯಾಸ ಬೇರೆ ಕಡೆ ಇದೆ. ನೆಟ್ಟಾ ವೈನ್‌ಸ್ಟೀನ್ ಮತ್ತು ರಿಚರ್ಡ್ ರಯಾನ್ ಎಂಬ ಮನೋವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಇನ್ನೊಬ್ಬರಿಗೆ ಸಹಾಯ ಮಾಡಿದವರ ನೆಮ್ಮದಿ ಹೆಚ್ಚಿದ್ದು ಅವರು ಅದನ್ನು ಮನಸಾರೆ ಮಾಡಿದಾಗ. ಒತ್ತಡಕ್ಕೆ ಮಾಡಿದಾಗ ಆ ಲಾಭ ಕಾಣಲಿಲ್ಲ. ಇನ್ನೂ ಮುಖ್ಯವಾದದ್ದು, ಸಹಾಯ ಪಡೆದವರಿಗೂ ಮನಸಾರೆ ಬಂದ ಸಹಾಯದಿಂದಲೇ ಹೆಚ್ಚು ಒಳಿತಾಯಿತು. ಮುಲಾಜಿಗೆ ಕೊಟ್ಟದ್ದು ಕೊಟ್ಟವರಿಗೂ ದಕ್ಕುವುದಿಲ್ಲ, ತೆಗೆದುಕೊಂಡವರಿಗೂ ಸರಿಯಾಗಿ ದಕ್ಕುವುದಿಲ್ಲ ಎಂದಾಯಿತು. ಟಿಮ್ ಕ್ಯಾಸರ್ ಮತ್ತು ಕೆನನ್ ಶೆಲ್ಡನ್ 2002ರಲ್ಲಿ ಕ್ರಿಸ್‌ಮಸ್ಸನ್ನೇ ಕುರಿತು ಪ್ರಕಟಿಸಿದ ಅಧ್ಯಯನವೂ ಇದೆ. 18ರಿಂದ 80 ವಯಸ್ಸಿನ 117 ಅಮೆರಿಕನ್ನರನ್ನು ಕೇಳಿದಾಗ, ಮನೆಯವರ ಜೊತೆಗೂಡುವುದು ಮತ್ತು ಧಾರ್ಮಿಕ ಆಚರಣೆ ಮುಖ್ಯವಾಗಿದ್ದವರು ಹಬ್ಬದಲ್ಲಿ ಹೆಚ್ಚು ಸುಖವಾಗಿದ್ದರು. ಖರ್ಚು ಮಾಡುವುದು, ಉಡುಗೊರೆ ಪಡೆಯುವುದು ಮುಖ್ಯವಾಗಿದ್ದವರು ಅಷ್ಟು ಸುಖವಾಗಿರಲಿಲ್ಲ. 117 ಸಣ್ಣ ಸಂಖ್ಯೆ, ಯಾವುದರಿಂದ ಯಾವುದಾಯಿತು ಎಂಬುದನ್ನು ಇಂಥ ಸಮೀಕ್ಷೆ ಸಾಧಿಸಿ ತೋರಿಸಲಾರದು. ಆದರೂ ಗಮನಿಸಿ: ಸುಖದ ಜೊತೆ ಕಾಣಿಸಿಕೊಂಡ ಎರಡೂ ಸಂಗತಿಗಳು ಕರ್ತವ್ಯಗಳೇ. ಆದ್ದರಿಂದ ನನ್ನ ವಾದ ಇಷ್ಟು: ಕರ್ತವ್ಯಗಳನ್ನು ಕಡಿಮೆ ಮಾಡಿ, ಉಳಿದದ್ದನ್ನು ಹಂಚಿಕೊಂಡು, ಮೊದಲೇ ಮಾತಾಡಿ ಗೊತ್ತುಮಾಡಿಕೊಂಡರೆ ಅದೇ ಕರ್ತವ್ಯದೊಳಗಿಂದ ಸಂತೋಷ ಬರುತ್ತದೆ. ಯಾರೂ ಕೇಳದೆ, ಯಾರೂ ಒಪ್ಪದೆ, ಒಬ್ಬರ ತಲೆಗೇ ಬಂದದ್ದು ಮಾತ್ರ ಹೊರೆ.

ಯಾರೂ ಕೇಳದ ಕರ್ತವ್ಯ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಕ್ರಿಸ್‌ಮಸ್ ಕಾರ್ಡಿನ ಚರಿತ್ರೆ ಒಳ್ಳೆಯ ಪಾಠ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎಂಬ ಅಧಿಕಾರಿಗೆ ಬಂಧುಮಿತ್ರರಿಗೆಲ್ಲ ಕಾಗದ ಬರೆಯಲು ಪುರುಸೊತ್ತಿರಲಿಲ್ಲ. ಜಾನ್ ಹಾರ್ಸ್ಲಿ ಎಂಬ ಕಲಾವಿದನಿಂದ ಚಿತ್ರ ಬರೆಸಿ, ಶುಭಾಶಯ ಸೇರಿಸಿ ಸುಮಾರು ಸಾವಿರ ಪ್ರತಿ ಅಚ್ಚು ಹಾಕಿಸಿದ. ಕೋಲ್ ಕಾರ್ಡು ಮಾಡಿಸಿದ್ದು ಕೆಲಸ ಉಳಿಸಿಕೊಳ್ಳಲು. ಕೆಲವು ದಶಕಗಳಲ್ಲಿ ಕಾರ್ಡು ಕಳಿಸುವುದೇ ಒಂದು ಕೆಲಸವಾಗಿ ಕೂತಿತು. 1970ರ ದಶಕದಲ್ಲಿ ಫಿಲಿಪ್ ಕುನ್ಸ್ ಎಂಬ ಅಮೆರಿಕನ್ ಸಮಾಜಶಾಸ್ತ್ರಜ್ಞ ತನಗೆ ಗೊತ್ತೇ ಇಲ್ಲದ ನೂರಾರು ಮಂದಿಗೆ ಕ್ರಿಸ್‌ಮಸ್ ಕಾರ್ಡು ಕಳಿಸಿ ಪರೀಕ್ಷಿಸಿದ. ಸಾಕಷ್ಟು ಜನ ತಿರುಗಿ ಕಾರ್ಡು ಕಳಿಸಿದರು, ಕೆಲವರು ಉದ್ದನೆಯ ಕಾಗದವನ್ನೇ ಬರೆದರು. ಈತ ಯಾರೆಂದು ಅವರಿಗೆ ತಿಳಿದಿರಲಿಲ್ಲ. ಬಂದದ್ದಕ್ಕೆ ಪ್ರತಿ ಹೋಗಬೇಕು ಎಂಬುದಷ್ಟೇ ತಿಳಿದಿತ್ತು. ಇವತ್ತು ವಾಟ್ಸ್ಯಾಪಿನಲ್ಲಿ ಮಿನುಗುವ ನಕ್ಷತ್ರ, ಹಿಮಸಾರಂಗ, ಸಾಂತಾ ಕ್ಲಾಸರು 24ರಿಂದ ಸಾಲುಗಟ್ಟಿ ಬರುವುದೂ, ಪ್ರತಿಯೊಂದಕ್ಕೂ ‘ಸೇಮ್ ಟು ಯೂ’ ಒತ್ತುತ್ತ ಕೂರುವುದೂ ಇದರ ಮುಂದುವರಿಕೆಯೇ. ಇಲ್ಲಿ ಮಾಡಬೇಕಾದ್ದು ಸುಲಭ: ಗ್ರೂಪಿಗೆ ಬಂದ ಫಾರ್ವರ್ಡುಗಳಿಗೆ ಉತ್ತರಿಸದಿರಿ, ಯಾರೂ ಲೆಕ್ಕ ಇಟ್ಟಿರುವುದಿಲ್ಲ. ಆ ಸಮಯದಲ್ಲಿ ನಿಜವಾಗಿ ನೆನಪಾದ ನಾಲ್ಕು ಜನಕ್ಕೆ ಫೋನ್ ಮಾಡಿ. ಅದನ್ನೂ 25ರಂದೇ ಮಾಡಬೇಕಿಲ್ಲ.

ಉಡುಗೊರೆಯ ವಿಷಯ ಇಷ್ಟು ಸಲೀಸಲ್ಲ, ಏಕೆಂದರೆ ಇಲ್ಲಿ ಲೆಕ್ಕ ಇಡುವವರಿದ್ದಾರೆ. ಮದುವೆಮನೆಯಲ್ಲಿ ಮುಯ್ಯಿ ಬರೆದಿಡುವ ಪುಸ್ತಕ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಹೋದ ವರ್ಷ ಅವರು ಮಕ್ಕಳಿಬ್ಬರಿಗೂ ಬಟ್ಟೆ ಕೊಟ್ಟರು, ಈ ವರ್ಷ ನಾವು ಬರೀ ಚಾಕೊಲೆಟ್ ಡಬ್ಬ ಹಿಡಿದು ಹೋಗುವುದು ಹೇಗೆ? ಗಲ್ಫಿನಿಂದ ರಜೆಗೆ ಬರುವವರ ಕಷ್ಟ ಇನ್ನೂ ದೊಡ್ಡದು. ಪೆಟ್ಟಿಗೆ ತೂಕ ಮೀರಿದರೂ ಯಾರೋ ಒಬ್ಬರ ಹೆಸರು ಬಿಟ್ಟುಹೋಗಿಯೇ ಇರುತ್ತದೆ. ಇಷ್ಟೆಲ್ಲ ಮಾಡಿ ಕೊಟ್ಟದ್ದರ ಗತಿಯೇನು ಎಂದು ಅರ್ಥಶಾಸ್ತ್ರಜ್ಞ ಜೋಯೆಲ್ ವಾಲ್ಡ್‌ಫೋಗೆಲ್ 1993ರಲ್ಲಿ ಕೇಳಿದ. ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತಮಗೆ ಕ್ರಿಸ್‌ಮಸ್‌ಗೆ ಬಂದ ವಸ್ತುಗಳಿಗೆ, ಭಾವನೆಯನ್ನು ಬದಿಗಿಟ್ಟು, ಕಟ್ಟಿದ ಬೆಲೆ ಕೊಟ್ಟವರು ತೆತ್ತ ಬೆಲೆಗಿಂತ ಹತ್ತನೇ ಒಂದರಿಂದ ಮೂರನೇ ಒಂದು ಪಾಲಿನಷ್ಟು ಕಡಿಮೆಯಿತ್ತು. ಗೆಳೆಯರು, ಪ್ರೇಮಿಗಳು ಕೊಟ್ಟದ್ದರಲ್ಲಿ ಈ ನಷ್ಟ ಕಡಿಮೆ. ಅಜ್ಜ-ಅಜ್ಜಿ, ಚಿಕ್ಕಪ್ಪ, ಅತ್ತೆಯರು ಕೊಟ್ಟದ್ದರಲ್ಲಿ ಹೆಚ್ಚು. ಭಾವನೆಯನ್ನು ಬಿಟ್ಟರೆ ಉಡುಗೊರೆಯಲ್ಲಿ ಉಳಿಯುವುದೇನು ಎಂದು ಆಮೇಲೆ ಕೆಲವರು ಆಕ್ಷೇಪಿಸಿದರು, ಅದನ್ನೂ ಸೇರಿಸಿ ಕೇಳಿದಾಗ ತದ್ವಿರುದ್ಧ ಫಲಿತಾಂಶ ತೋರಿಸಿದವರೂ ಇದ್ದಾರೆ. ಆ ಆಕ್ಷೇಪ ನ್ಯಾಯವಾದದ್ದೇ. ಆದರೆ ಅದು ನಮ್ಮ ದಾರಿಯನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ: ಭಾವನೆ ಇದ್ದ ಕಡೆ ವಸ್ತು ಕೊಡಿ, ಮುಲಾಜು ಮಾತ್ರ ಇದ್ದ ಕಡೆ ತಿನ್ನುವ ಪದಾರ್ಥವನ್ನೋ ಲಕೋಟೆಯನ್ನೋ ಕೊಡಿ. ದುಬಾರಿಯದನ್ನು ಕೊಟ್ಟರೆ ಹೆಚ್ಚು ಮೆಚ್ಚುತ್ತಾರೆ ಎಂಬ ನಂಬಿಕೆಯನ್ನೂ ಬಿಡಬಹುದು. ಗೇಬ್ರಿಯೆಲ್ ಆಡಮ್ಸ್ ಮತ್ತು ಫ್ರಾನ್ಸಿಸ್ ಫ್ಲಿನ್ 2009ರಲ್ಲಿ ತೋರಿಸಿದ ಹಾಗೆ, ಬೆಲೆಗೂ ಮೆಚ್ಚುಗೆಗೂ ನಂಟಿದೆ ಎಂದು ಭಾವಿಸುವವರು ಕೊಡುವವರು ಮಾತ್ರ. ಪಡೆದವರ ಮನಸ್ಸಿನಲ್ಲಿ ಆ ನಂಟು ಕಾಣಲಿಲ್ಲ. ಬೇಕಾದದ್ದನ್ನು ಬಾಯಿಬಿಟ್ಟು ಕೇಳಿದರೆ ಅದನ್ನೇ ಕೊಡುವುದು ಸಪ್ಪೆ ಎಂಬುದೂ ಹೀಗೆಯೇ ಕೊಡುವವರ ಭ್ರಮೆ ಎಂದು ಫ್ಲಿನ್ ಮತ್ತು ಫ್ರಾನ್ಸೆಸ್ಕಾ ಜೀನೊ ನಡೆಸಿದ ಇನ್ನೊಂದು ಅಧ್ಯಯನ ಹೇಳುತ್ತದೆ.

ಸಂಖ್ಯೆ ತಗ್ಗಿಸಲು ಎಲ್ಲಕ್ಕಿಂತ ಸುಲಭದ ಉಪಾಯ ಚೀಟಿ ಎತ್ತುವುದು. ಶಾಲೆಗಳಲ್ಲಿ ‘ಕ್ರಿಸ್‌ಮಸ್ ಫ್ರೆಂಡ್’, ಆಫೀಸುಗಳಲ್ಲಿ ‘ಸೀಕ್ರೆಟ್ ಸಾಂತಾ’ ಎಂದು ಇದು ಎಲ್ಲರಿಗೂ ಗೊತ್ತಿರುವುದೇ. ಮನೆಯೊಳಗೆ ಇದನ್ನು ತರಲು ಯಾಕೋ ಹಿಂಜರಿಯುತ್ತೇವೆ. ಹತ್ತು ಮಂದಿಯ ಕುಟುಂಬದಲ್ಲಿ ಪ್ರತಿಯೊಬ್ಬರೂ ಉಳಿದವರೆಲ್ಲರಿಗೆ ಕೊಡಲು ಹೊರಟರೆ 90 ಪೊಟ್ಟಣ ಬೇಕು, ಚೀಟಿ ಎತ್ತಿದರೆ 10 ಸಾಕು. ಒಬ್ಬರಿಗಾಗಿ ಮಾತ್ರ ಯೋಚಿಸಬೇಕಾದಾಗ ಯೋಚಿಸುತ್ತೇವೆ. ಒಂಬತ್ತು ಜನಕ್ಕಾಗಿ ಯೋಚಿಸಬೇಕಾದಾಗ ಒಂದೇ ಅಂಗಡಿಯಲ್ಲಿ ಒಂಬತ್ತು ಟವೆಲ್ ಕೊಳ್ಳುತ್ತೇವೆ. ಸಣ್ಣ ಮಕ್ಕಳನ್ನು ಈ ಲೆಕ್ಕದಿಂದ ಹೊರಗಿಟ್ಟು ಎಲ್ಲರೂ ಕೊಡಲಿ ಎನ್ನುವ ಮನೆಗಳಿವೆ, ಅದು ಸರಿಯೇ. ಎಷ್ಟು ವಯಸ್ಸಿನವರೆಗೆ ಎಂಬುದನ್ನು ಮಾತ್ರ ಗೊತ್ತುಮಾಡಿ. ಆಫೀಸಿನ ಸಂಗತಿ ಬೇರೆ. ಅಲ್ಲಿ ಹಣ ಹಾಕಲೇಬೇಕು ಎಂಬ ಒತ್ತಾಯ ಹಳೆಯ ರೋಗ. 1912ರಲ್ಲಿ ನ್ಯೂಯಾರ್ಕಿನ ಅಂಗಡಿ ಕೆಲಸದ ಹುಡುಗಿಯರು ತಮ್ಮ ಅಲ್ಪ ಸಂಬಳದಲ್ಲೇ ಮೇಲಿನವರ ಕ್ರಿಸ್‌ಮಸ್ ಉಡುಗೊರೆಗೆ ದುಡ್ಡು ಕೂಡಿಸಬೇಕಾಗಿದ್ದುದನ್ನು ವಿರೋಧಿಸಲು ಎಲಿನಾರ್ ಬೆಲ್ಮಾಂಟ್, ಆ್ಯನ್ ಮಾರ್ಗನ್ ಮುಂತಾದವರು ‘ಅನುಪಯುಕ್ತ ಕೊಡುಗೆ ತಡೆ ಸಂಘ’ವನ್ನೇ ಕಟ್ಟಿದರು, ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಕೂಡ ಅದನ್ನು ಸೇರಿಕೊಂಡ. ನೀವು ತಂಡದ ಮುಖ್ಯಸ್ಥರಾಗಿದ್ದರೆ ಮೊತ್ತಕ್ಕೊಂದು ಮಿತಿ ಹಾಕಿ, ಸೇರುವುದನ್ನೂ ಬಿಡುವುದನ್ನೂ ಅವರವರಿಗೆ ಬಿಡಿ. ಮೇಲಿನವರಿಗೆ ಕೆಳಗಿನವರು ಕೊಡುವ ರೂಢಿ ಇದ್ದರೆ ನಿಲ್ಲಿಸಿಬಿಡಿ. ಅದನ್ನು ನಿಲ್ಲಿಸಲು ಸಾಧ್ಯವಿರುವುದು ಮೇಲಿನವರಿಗೆ ಮಾತ್ರ.

ಇನ್ನು ಅಡುಗೆಮನೆ. ಹಬ್ಬದ ನಿಜವಾದ ಭಾರ ಇಲ್ಲಿದೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ಕರಾವಳಿಯ ಕಥೋಲಿಕರ ಕುಸ್ವಾರ್ ಎಂದರೆ ಒಂದು ತಿಂಡಿಯಲ್ಲ, ಹತ್ತಾರು: ನೆವ್ರಿ, ಕಿಡ್ಯೊ, ಗುಳಿಯೊ, ತುಕ್ಡಿ, ಚಕ್ಕುಲಿ, ರೋಸ್ ಕುಕ್ಕಿ, ಇವುಗಳ ಮೇಲೆ ಪ್ಲಮ್ ಕೇಕು. ಒಂದೊಂದೂ ಸಮಯ ತಿನ್ನುವಂಥದ್ದು. ಕಿಡ್ಯೊಗೆ ಹಿಟ್ಟಿನ ಚಿಕ್ಕ ಉಂಡೆಯನ್ನು ಹೊಸ ಬಾಚಣಿಗೆಯ ಮೇಲೋ ಫೋರ್ಕಿನ ಬೆನ್ನ ಮೇಲೋ ಒತ್ತಿ ಸುರುಳಿ ಸುತ್ತಬೇಕು, ಕರಿಯಬೇಕು, ಸಕ್ಕರೆ ಪಾಕಕ್ಕೆ ಹಾಕಿ ಹೊರಳಿಸಬೇಕು. ನೂರಾರು ಮಾಡಿದರೂ ಡಬ್ಬ ತುಂಬುವುದಿಲ್ಲ. ರೋಸ್ ಕುಕ್ಕಿಯದು ಇನ್ನೊಂದು ಕುಶಲ. ಹೂವಿನಾಕಾರದ ಅಚ್ಚು ಎಣ್ಣೆಯಲ್ಲಿ ಚೆನ್ನಾಗಿ ಕಾಯ್ದಿರದಿದ್ದರೆ ಹಿಟ್ಟು ಅದಕ್ಕೆ ಹಿಡಿಯುವುದೇ ಇಲ್ಲ. ಹಿಟ್ಟಿನಲ್ಲಿ ಅಂಚು ಮೀರಿ ಮುಳುಗಿಸಿದರೆ ಹಿಡಿದದ್ದು ಬಿಡುವುದೇ ಇಲ್ಲ. ಒಬ್ಬರು ಅಚ್ಚು ಅದ್ದಿ ಎಣ್ಣೆಗಿಳಿಸಿ ಅಲ್ಲಾಡಿಸುತ್ತಿದ್ದರೆ ಇನ್ನೊಬ್ಬರು ಕಡ್ಡಿಯಿಂದ ಮಗುಚಿ ತೆಗೆಯುತ್ತಿರಬೇಕು, ಹಾಗಾದರೆ ಕೆಲಸ ಸಾಗುತ್ತದೆ. ಅಂದರೆ ಈ ತಿಂಡಿಗಳ ರಚನೆಯೇ ಹಲವು ಕೈಗಳನ್ನು ನಂಬಿಕೊಂಡದ್ದು. ಸಂಜೆಯ ತೇರ್ಸ್ (ಜಪಮಾಲೆ ಪ್ರಾರ್ಥನೆ) ಮುಗಿಸಿ, ಅಜ್ಜಿಯಿಂದ ಹಿಡಿದು ಮೊಮ್ಮಕ್ಕಳವರೆಗೆ ಚಾಪೆಯ ಮೇಲೆ ಸುತ್ತ ಕೂತು, ಮಾತಾಡುತ್ತ ಉಂಡೆ ಉರುಳಿಸುವ ಕೂಡುಕುಟುಂಬಕ್ಕೆಂದು ಹುಟ್ಟಿದ ಅಡುಗೆ ಇದು. ಕುಟುಂಬ ಮೂರು ಜನಕ್ಕಿಳಿಯಿತು, ತಿಂಡಿಗಳ ಪಟ್ಟಿ ಮಾತ್ರ ಇಳಿಯಲಿಲ್ಲ. ಹಬ್ಬದ ಸಂತೋಷದ ದೊಡ್ಡ ಪಾಲು ತಿನ್ನುವುದರಲ್ಲಿ ಇರಲಿಲ್ಲ, ಮಾಡುವಾಗಿನ ಹರಟೆಯಲ್ಲಿತ್ತು. ಒಬ್ಬಳೇ ಹೆಂಗಸು ರಾತ್ರಿ ಹನ್ನೊಂದಕ್ಕೆ ಗ್ಯಾಸ್ ಒಲೆಯ ಮುಂದೆ ನಿಂತಿರುವಾಗ ಹರಟೆ ಹೋಗಿ ಕೂಲಿ ಉಳಿಯುತ್ತದೆ.

ಇದರಲ್ಲಿ ಕಾಣದ ಕೆಲಸವೂ ಒಂದಿದೆ. ಮಾನವಶಾಸ್ತ್ರಜ್ಞೆ ಮಿಕೇಲಾ ಡಿ ಲಿಯೊನಾರ್ಡೊ ಕ್ಯಾಲಿಫೋರ್ನಿಯಾದ ಇಟಾಲಿಯನ್ ಮೂಲದ ಕುಟುಂಬಗಳನ್ನು ಅಭ್ಯಸಿಸಿ 1987ರಲ್ಲಿ ಬರೆದ ಲೇಖನದಲ್ಲಿ ಅದನ್ನು ನಂಟಸ್ತಿಕೆಯ ದುಡಿಮೆ ಎಂದು ಗುರುತಿಸಿದಳು: ಯಾರನ್ನು ಕರೆಯಬೇಕು, ಯಾರಿಗೆ ಏನು ಕಳಿಸಬೇಕು, ಯಾರ ಜೊತೆ ಯಾರನ್ನು ಕೂರಿಸಬಾರದು ಎಂಬುದನ್ನೆಲ್ಲ ನೆನಪಿಟ್ಟು ನಡೆಸುವ ಕೆಲಸ. ಗಂಡನ ಕಡೆಯ ನೆಂಟರದ್ದೂ ಸೇರಿ ಅದು ಹೆಂಗಸರ ತಲೆಯಲ್ಲೇ ಇರುತ್ತಿತ್ತು. ಆದರೆ ಆಕೆ ಇನ್ನೊಂದು ಮುಖವನ್ನೂ ಕಂಡಳು: ಅದೇ ಕೆಲಸದಿಂದ ಹೆಂಗಸರಿಗೆ ಬಳಗದಲ್ಲಿ ಒಂದು ಸ್ಥಾನ, ಹಿಡಿತ, ತೃಪ್ತಿಯೂ ಸಿಗುತ್ತದೆ. ‘ನಾನೂ ಸಹಾಯ ಮಾಡ್ತೀನಿ, ಏನು ಮಾಡಬೇಕು ಹೇಳು’ ಎಂದು ಗಂಡ ಅಡುಗೆಮನೆ ಬಾಗಿಲಲ್ಲಿ ನಿಂತರೆ ಹೊರೆ ಇಳಿಯದಿರುವುದು, ಅತ್ತ ‘ನೀನೇನೂ ಮಾಡಬೇಡ, ಎಲ್ಲ ಬೇಕರಿಯಿಂದ ತರಿಸೋಣ’ ಎಂದರೆ ಹೆಂಡತಿಗೆ ನೋವಾಗುವುದು, ಎರಡಕ್ಕೂ ಕಾರಣ ಇದೇ. ಕೆಲಸವನ್ನು ಕೊಡುವಾಗ ತೀರ್ಮಾನವನ್ನೂ ಕೊಡಬೇಕು. ಈ ಸಲ ಕೇಕು ಮತ್ತು ಪಕ್ಕದ ಮನೆಗಳಿಗೆ ಹಂಚುವುದು ಪೂರ್ತಿ ಮಗನದು ಎಂದಾದರೆ, ಯಾವ ಕೇಕು, ಯಾವ ಮನೆಗೆ ಎಷ್ಟು, ಯಾವ ತಟ್ಟೆಯಲ್ಲಿ ಎಂಬುದೂ ಅವನದೇ. ಒಣದ್ರಾಕ್ಷಿಯನ್ನು ರಮ್ಮಿನಲ್ಲಿ ನೆನೆಹಾಕಲು ಅವನು ಮರೆತರೆ ಮರೆಯಲಿ. ನಡುವೆ ನುಗ್ಗಿ ಸರಿಪಡಿಸಬೇಡಿ.

ಕುಸ್ವಾರ್ ವಿಷಯದಲ್ಲಿ ನಾನು ಹೇಳುವುದು ಇಷ್ಟು. ಮನೆಯಲ್ಲಿ ಒಮ್ಮೆ ಎಲ್ಲರನ್ನೂ ಕೂರಿಸಿ, ಯಾವ ತಿಂಡಿ ಇಲ್ಲದಿದ್ದರೆ ಹಬ್ಬ ಅನ್ನಿಸುವುದಿಲ್ಲ ಎಂದು ಕೇಳಿ. ಸಾಮಾನ್ಯವಾಗಿ ಎರಡು ಮೂರು ಹೆಸರು ಬರುತ್ತವೆ, ಅವುಗಳನ್ನು ಮನೆಯಲ್ಲಿ ಮಾಡಿ. ಉಳಿದದ್ದನ್ನು ಕೊಳ್ಳಿ, ಮಂಗಳೂರಿನಲ್ಲಿ ಮನೆಯಲ್ಲೇ ಕುಸ್ವಾರ್ ಮಾಡಿ ಮಾರುವ ಹೆಂಗಸರು ಬೇಕಾದಷ್ಟಿದ್ದಾರೆ, ಬೆಂಗಳೂರಿಗೂ ಪಾರ್ಸೆಲ್ ಬರುತ್ತದೆ. ಕೊಂಡದ್ದಕ್ಕೆ ನಾಚಿಕೆಪಡಬೇಕಿಲ್ಲ, ಅದೂ ಯಾರದೋ ಕೈಕೆಲಸ, ಯಾರದೋ ಹಬ್ಬದ ಸಂಪಾದನೆ. ಮನೆಯಲ್ಲಿ ಮಾಡುವ ಎರಡು ಮೂರನ್ನು ಮುಯ್ಯಾಳು ಪದ್ಧತಿಯಲ್ಲಿ ಮಾಡಿ. ನಾಟಿಗೆ, ಕೊಯ್ಲಿಗೆ ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು ಎಂದು ಕೂಲಿಯಿಲ್ಲದೆ ಸೇರಿ ದುಡಿಯುವ ಆ ಹಳೆಯ ಏರ್ಪಾಡು ಅಪಾರ್ಟ್‌ಮೆಂಟಿನ ಅಡುಗೆಮನೆಗೂ ಒಗ್ಗುತ್ತದೆ: ಒಂದು ಶನಿವಾರ ಒಬ್ಬರ ಮನೆಯಲ್ಲಿ ಮೂರು ಮನೆಯವರ ನೆವ್ರಿ, ಮುಂದಿನ ಶನಿವಾರ ಇನ್ನೊಬ್ಬರ ಮನೆಯಲ್ಲಿ ಮೂರು ಮನೆಯವರ ಕಿಡ್ಯೊ. ಕ್ರೈಸ್ತರಲ್ಲದ ಗೆಳತಿಯರೂ ಬರಲಿ, ಕರ್ಜಿಕಾಯಿ ಮಾಡಿ ಗೊತ್ತಿದ್ದವರಿಗೆ ನೆವ್ರಿಯ ಅಂಚು ಮಡಿಸುವುದನ್ನು ಹೇಳಿಕೊಡಬೇಕಾಗಿಲ್ಲ. ಕೊಟ್ಟು ತೆಗೆದುಕೊಳ್ಳುವ ಲೆಕ್ಕ ಇಲ್ಲೂ ಇದೆ, ಆದರೆ ವಸ್ತುಗಳ ಬದಲು ಕೈಗಳದ್ದು. ವಸ್ತುಗಳ ಮುಯ್ಯಿ ಮನೆಗಳನ್ನು ಪೈಪೋಟಿಗೆ ನಿಲ್ಲಿಸುತ್ತದೆ, ಕೆಲಸದ ಮುಯ್ಯಿ ಒಂದೇ ಮೇಜಿನ ಸುತ್ತ ಕೂರಿಸುತ್ತದೆ.

ಭಾರ ಹೆಚ್ಚಾಗಲು ಇನ್ನೊಂದು ಕಾರಣ ಎಲ್ಲವನ್ನೂ ಒಂದೇ ದಿನದೊಳಗೆ ತುರುಕುವುದು. ಇಲ್ಲಿ ಹಳೆಯ ಪಂಚಾಂಗ ನಮ್ಮ ನೆರವಿಗಿದೆ. ನವೆಂಬರ್ 30ಕ್ಕೆ ಹತ್ತಿರದ ಭಾನುವಾರದಿಂದ ಕ್ರಿಸ್‌ಮಸ್ ಹಿಂದಿನ ದಿನದವರೆಗೆ ಆಗಮನ ಕಾಲ. ಅದು ಕಾಯುವ, ಒಂದಷ್ಟು ಕಡಿಮೆ ಮಾಡುವ ಕಾಲ. ಕೇರಳದ ಸುರಿಯಾನಿ ಪರಂಪರೆಯವರು ಡಿಸೆಂಬರ್ 1ರಿಂದ ಇಪ್ಪತ್ತೈದು ದಿನದ ನೋಂಬು ಹಿಡಿದು ಮಾಂಸ ಬಿಡುತ್ತಾರೆ, ಬೆಳ್ತಂಗಡಿ ಕಡೆ ನೆಲೆಸಿದ ಆ ಪರಂಪರೆಯ ಮನೆಗಳಲ್ಲೂ ಅದನ್ನು ಕಾಣಬಹುದು. ನಿಜವಾದ ಕ್ರಿಸ್‌ಮಸ್ ಕಾಲ ಬರುವುದು ಆಮೇಲೆ. 25ರಿಂದ ಜನವರಿ 1ರವರೆಗಿನ ಎಂಟು ದಿನಗಳೂ ಹಬ್ಬವೇ. ನಡುವಿನ ಭಾನುವಾರ ಸಾಮಾನ್ಯವಾಗಿ ಪವಿತ್ರ ಕುಟುಂಬದ ಹಬ್ಬ, ಜನವರಿಯ ಮೊದಲ ವಾರದಲ್ಲಿ ಮೂವರು ರಾಯರ ಹಬ್ಬ. ಮಾರುಕಟ್ಟೆ ಈ ಕ್ರಮವನ್ನು ತಿರುಗಾಮುರುಗಾ ಮಾಡಿದೆ: ನವೆಂಬರಿನಲ್ಲೇ ಮಾಲ್‌ಗಳಲ್ಲಿ ದೀಪ, 26ಕ್ಕೆ ಅರ್ಧ ಬೆಲೆ. ನಾವು ಅದಕ್ಕೆ ತಕ್ಕಂತೆ ಕುಣಿಯಬೇಕಿಲ್ಲ. ನೆಂಟರ ಮನೆಗೆ ಹೋಗುವುದನ್ನು ಎಂಟು ದಿನಗಳಿಗೆ ಹಂಚಿ. ಪವಿತ್ರ ಕುಟುಂಬದ ಭಾನುವಾರ ಬಳಗದ ಊಟಕ್ಕೆ ಹೇಳಿ ಮಾಡಿಸಿದ ದಿನ. ಮಕ್ಕಳ ಉಡುಗೊರೆಗಳಲ್ಲಿ ಒಂದನ್ನು ರಾಯರ ಹಬ್ಬಕ್ಕೆ ಉಳಿಸಿದರೆ ಸ್ಪೇನಿನ ಮಕ್ಕಳು ಮಾಡುವುದನ್ನೇ ನಿಮ್ಮವರೂ ಮಾಡಿದಂತಾಗುತ್ತದೆ. ಕರಾವಳಿಯಲ್ಲಿ ಇದಕ್ಕೊಂದು ಅಡ್ಡಿ ಇದೆಯೆಂದು ಬಲ್ಲವರು ಹೇಳುತ್ತಾರೆ: ಆಗಮನ ಕಾಲದಲ್ಲಿ ಮದುವೆಗಳು ನಡೆಯದ ಕಾರಣ 26ರಿಂದ ರೋಸ್ (ಮದುವೆಗೆ ಮುಂಚಿನ ಶಾಸ್ತ್ರ), ಮದುವೆಗಳ ಸಾಲು ಶುರು. ನಿಜ. ಹಾಗಿದ್ದರೆ ಯಾವ ಮದುವೆಗೆ ಮನೆಯಿಂದ ಯಾರು ಹೋಗುವುದು ಎಂದು ಹಂಚಿಕೊಳ್ಳಿ. ಎಲ್ಲರೂ ಎಲ್ಲ ಕಡೆ ಹೋಗಲೇಬೇಕು ಎಂಬುದು ಯಾವ ಶಾಸ್ತ್ರದಲ್ಲೂ ಇಲ್ಲ.

ಗೋದಲಿಯ ಬಗ್ಗೆ ಒಂದು ಮಾತು. 1223ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಇಟಲಿಯ ಗ್ರೆಚ್ಚೊ ಎಂಬಲ್ಲಿ ಹುಲ್ಲು, ಎತ್ತು, ಕತ್ತೆಗಳನ್ನಿಟ್ಟು ಯೇಸುವಿನ ಜನನದ ದೃಶ್ಯ ಏರ್ಪಡಿಸಿದ್ದು ಬಡತನವನ್ನು ಕಣ್ಣಾರೆ ತೋರಿಸಲೆಂದು. ಈಗ ವಾಳೆಗಳ (ಚರ್ಚಿನ ವಾರ್ಡುಗಳ) ನಡುವೆ, ಸಂಘಗಳ ನಡುವೆ ಗೋದಲಿ ಸ್ಪರ್ಧೆ, ನಕ್ಷತ್ರ ಸ್ಪರ್ಧೆ, ಕ್ಯಾರೋಲ್ ಸ್ಪರ್ಧೆ. ಸ್ಪರ್ಧೆಯಿಂದ ಹುರುಪು ಬರುತ್ತದೆ ಎಂಬುದು ಸುಳ್ಳಲ್ಲ, ಆದರೆ ಎಷ್ಟು ದಿನ? 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಚಿತ್ರ ಬಿಡಿಸುವುದೆಂದರೆ ತಾವಾಗಿಯೇ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಿಗೆ ಬಹುಮಾನದ ಆಸೆ ತೋರಿಸಿ ಬಿಡಿಸಲು ಹೇಳಿದರು. ಬಹುಮಾನ ಕೊಟ್ಟಾದ ಮೇಲೆ, ಆಟದ ಹೊತ್ತಿನಲ್ಲಿ ಆ ಮಕ್ಕಳು ಚಿತ್ರದ ಕಡೆ ತಿರುಗಿದ್ದು ಉಳಿದವರಿಗಿಂತ ಕಡಿಮೆ. ಸ್ಪರ್ಧೆ ಬೇಕೆಂದರೆ ದೊಡ್ಡವರು ಮಾಡಿಕೊಳ್ಳಲಿ. ಮನೆಯ ಗೋದಲಿಯನ್ನು ಮಕ್ಕಳ ಕೈಗೆ ಬಿಡಿ. ಡಿಸೆಂಬರ್ ಮಧ್ಯದಲ್ಲಿ ಒಂದು ತಟ್ಟೆಗೆ ಮಣ್ಣು ಹರಡಿ ರಾಗಿಯನ್ನೋ ಭತ್ತವನ್ನೋ ಚೆಲ್ಲಿ ನೀರು ಚಿಮುಕಿಸುತ್ತಿದ್ದರೆ ಹಬ್ಬದ ಹೊತ್ತಿಗೆ ಗೋದಲಿಗೆ ಹಸಿರು ಗದ್ದೆ ಸಿದ್ಧ. ಕುರಿಗಳ ನಡುವೆ ಒಂದು ಡೈನೋಸಾರ್ ನಿಂತಿದ್ದರೂ ಆಕಾಶ ಬೀಳುವುದಿಲ್ಲ.

ಇಷ್ಟು ಹೊತ್ತಿಗೆ ಒಂದು ಗಂಭೀರ ಆಕ್ಷೇಪ ಬಂದಿರಬೇಕು: ಹೀಗೆ ಒಂದೊಂದೇ ಬಿಡುತ್ತ ಹೋದರೆ ಮುಂದಿನ ತಲೆಮಾರಿಗೆ ಉಳಿಯುವುದೇನು? ಸಂಪ್ರದಾಯ ಉಳಿದಿರುವುದೇ ಮುಲಾಜಿನಿಂದ, ಮನಸ್ಸು ಬಂದಾಗ ಮಾಡೋಣ ಎಂದರೆ ಯಾರಿಗೂ ಮನಸ್ಸು ಬರುವುದಿಲ್ಲ ಎನ್ನುತ್ತಾರೆ. ಈ ವಾದದಲ್ಲಿ ಹುರುಳಿದೆ. ಕಾಯಿರ್ ಅಭ್ಯಾಸಕ್ಕೆ ಎಲ್ಲರೂ ಮನಸ್ಸು ಬಂದಾಗ ಮಾತ್ರ ಬಂದರೆ ನಾಲ್ಕು ಸ್ವರದ ಹಾಡು ಏಳುವುದಿಲ್ಲ. ಆದ್ದರಿಂದಲೇ ನಾನು ಎಲ್ಲ ಕಟ್ಟುಪಾಡೂ ಬೇಡವೆನ್ನುತ್ತಿಲ್ಲ. ಆರಿಸಿಕೊಂಡ ಕೆಲವಕ್ಕೆ ಗಟ್ಟಿಯಾಗಿಯೇ ಕಟ್ಟುಬೀಳಬೇಕು. ಆದರೆ ಮಕ್ಕಳು ಒಂದು ರೂಢಿಯನ್ನು ಮುಂದುವರಿಸುವುದು ಅದನ್ನು ನೋಡಿದಾಗಿನ ಮನೆಯ ಗಾಳಿಯನ್ನು ನೆನಪಿಟ್ಟುಕೊಂಡು. ಹತ್ತು ತಿಂಡಿ ಮತ್ತು ಸಿಡುಕುವ ತಾಯಿಯನ್ನು ಕಂಡ ಮಗಳು ದೊಡ್ಡವಳಾದ ಮೇಲೆ ಹತ್ತನ್ನೂ ಬಿಡುತ್ತಾಳೆ. ಎರಡು ತಿಂಡಿ ಮತ್ತು ನಗುತ್ತಿದ್ದ ಮೂರು ಮನೆಗಳನ್ನು ಕಂಡವಳು ಎರಡನ್ನಾದರೂ ಮಾಡುತ್ತಾಳೆ. ಸಂಪ್ರದಾಯದ ಚಿಂತೆ ಇರುವವರೇ ಮೊದಲು ಪಟ್ಟಿಯನ್ನು ಕಿರಿದು ಮಾಡಬೇಕು.

ನೆಂಟರು ಬೇಸರಪಟ್ಟುಕೊಳ್ಳುತ್ತಾರಲ್ಲ ಎಂಬುದು ಇನ್ನೊಂದು ಆಕ್ಷೇಪ. ಪಡುತ್ತಾರೆ, ಡಿಸೆಂಬರ್ 24ರಂದು ಗೊತ್ತಾದರೆ ಖಂಡಿತ. ಆಗಮನ ಕಾಲದ ಮೊದಲ ಭಾನುವಾರಕ್ಕೇ ಹೇಳಿದರೆ ಬಹಳಷ್ಟು ಜನ ಒಳಗೊಳಗೇ ನಿರಾಳವಾಗುತ್ತಾರೆ, ಏಕೆಂದರೆ ಅವರೂ ಅದೇ ಹೊರೆಯ ಕೆಳಗಿದ್ದಾರೆ. ಹೇಳುವ ರೀತಿಯೂ ಮುಖ್ಯ. ‘ಈ ಸಲ ನಾವು ಗಿಫ್ಟ್ ಕೊಡುವುದಿಲ್ಲ’ ಎಂದರೆ ಬಾಗಿಲು ಹಾಕಿದ ಹಾಗೆ. ‘ಅತ್ತೆ, ಈ ಸಲ ದೊಡ್ಡವರಿಗೆಲ್ಲ ಚೀಟಿ ಎತ್ತೋಣ ಅಂತಿದ್ದೇವೆ, ನಿಮ್ಮ ಹೆಸರೂ ಹಾಕಲಾ? 28ಕ್ಕೆ ಊಟಕ್ಕೆ ಬಂದುಬಿಡಿ’ ಎಂದರೆ ಒಂದನ್ನು ಬಿಟ್ಟು ಇನ್ನೊಂದನ್ನು ಕೈಗಿಟ್ಟಂತೆ. ಹಿರಿಯರಲ್ಲಿ ಒಬ್ಬರನ್ನು ಮೊದಲು ಒಪ್ಪಿಸಿಕೊಂಡರೆ ಅರ್ಧ ಕೆಲಸ ಆದಂತೆಯೇ, ಉಳಿದವರಿಗೆ ಅವರೇ ಹೇಳುತ್ತಾರೆ. ಅವರು ಒಪ್ಪದಿದ್ದರೆ? ಎಪ್ಪತ್ತು ದಾಟಿದವರೊಬ್ಬರ ಸಮಾಧಾನಕ್ಕಾಗಿ ಒಂದು ಹಳೆಯ ಪದ್ಧತಿಯನ್ನು ತಿಳಿದೂ ತಿಳಿದೂ ಇಟ್ಟುಕೊಳ್ಳುವುದು ಮುಲಾಜಲ್ಲ, ಅದು ನೀವಾಗಿ ಮಾಡಿದ ತೀರ್ಮಾನ. ನೆರೆಹೊರೆಗೆ ತಟ್ಟೆ ಕಳಿಸುವುದನ್ನು ಮಾತ್ರ ಕಡಿಮೆ ಮಾಡಬೇಡಿ ಎಂಬುದು ನನ್ನ ಸಲಹೆ. ದೀಪಾವಳಿಗೆ, ಈದ್‌ಗೆ ಆ ಮನೆಗಳಿಂದ ಬಂದ ತಟ್ಟೆ ಖಾಲಿ ಹಿಂದಿರುಗಬಾರದು ಎಂಬ ಲೆಕ್ಕ ನಮ್ಮ ಊರುಗಳನ್ನು ಒಟ್ಟಿಗಿಟ್ಟಿರುವ ಕೆಲವೇ ಲೆಕ್ಕಗಳಲ್ಲಿ ಒಂದು. ಅದರಲ್ಲಿ ಹತ್ತು ಬಗೆ ಇರಲಿ, ಮೂರಿರಲಿ, ಯಾರೂ ಎಣಿಸುವುದಿಲ್ಲ.

ಕೊನೆಯದಾಗಿ, ಸಂತೋಷಪಡಬೇಕು ಎಂಬುದೇ ಕೆಲವರಿಗೆ ಹೊರೆಯಾಗಿರುತ್ತದೆ. ಆ ವರ್ಷ ಸಾವಾದ ಮನೆಗಳಿವೆ, ಆಸ್ಪತ್ರೆಯಲ್ಲಿ ಒಬ್ಬರನ್ನು ಬಿಟ್ಟು ಬಂದ ಮನೆಗಳಿವೆ. ಕರಾವಳಿಯ ಹಲವು ಮನೆಗಳಲ್ಲಿ ಸಾವಾದ ವರ್ಷ ಕುಸ್ವಾರ್ ಮಾಡುವುದಿಲ್ಲ. ನೆಂಟರು, ನೆರೆಯವರು ತಂದುಕೊಡುತ್ತಾರೆ. ಹಬ್ಬವನ್ನು ನಿರಾಕರಿಸದೆ ಅದರ ದುಡಿಮೆಯಿಂದ ಮಾತ್ರ ಆ ಮನೆಯನ್ನು ಬಿಡಿಸುವ ಈ ಏರ್ಪಾಡು ಬಹಳ ವಿವೇಕದ್ದು. ಪಶ್ಚಿಮದ ಹಲವು ಚರ್ಚುಗಳು ವರ್ಷದ ಅತಿ ದೀರ್ಘ ರಾತ್ರಿಯಾದ ಡಿಸೆಂಬರ್ 21ರ ಆಸುಪಾಸಿನಲ್ಲಿ ದುಃಖದಲ್ಲಿರುವವರಿಗೆಂದೇ ‘ಬ್ಲೂ ಕ್ರಿಸ್‌ಮಸ್’ ಎಂಬ ಸರಳ ಆರಾಧನೆ ನಡೆಸುತ್ತವೆ. ನಮ್ಮ ವಾಳೆಗಳಲ್ಲೂ, ಸಭೆಗಳಲ್ಲೂ ಅದನ್ನು ಮಾಡಲು ಖರ್ಚೇನೂ ಇಲ್ಲ. ಅಂಥ ಮನೆಗೆ ಹೋಗುವವರು ‘ಹಬ್ಬದ ದಿನ ಅಳಬಾರದು’ ಎನ್ನದಿದ್ದರೆ ಸಾಕು. ಇನ್ನು 25ರಂದು ಡ್ಯೂಟಿಯಲ್ಲಿರುವ ನರ್ಸ್‌ಗಳು, ಪೊಲೀಸರು, ಬಸ್ ಚಾಲಕರು, ಆ ದಿನ ರಜೆಯೇ ಇಲ್ಲದ ಗಲ್ಫ್ ದೇಶಗಳಲ್ಲಿರುವ ನಮ್ಮವರು: ಇವರ ಮನೆಯವರು ತಾರೀಖನ್ನು ಹಿಡಿದು ಕೂರಬೇಕಿಲ್ಲ. 24ರ ಸಂಜೆಯ ಬಲಿಪೂಜೆ ಹಬ್ಬದ ಬಲಿಪೂಜೆಯೇ, ಈಗ ಅನೇಕ ಕಡೆ ಅದು ಏಳೆಂಟು ಗಂಟೆಗೇ ಶುರುವಾಗುತ್ತದೆ. ಊಟವನ್ನು 27ಕ್ಕೋ ಬರುವ ಭಾನುವಾರಕ್ಕೋ ಇಟ್ಟುಕೊಂಡು, ಕೇಕನ್ನು ಅಲ್ಲಿಯವರೆಗೆ ಕತ್ತರಿಸದೆ ಇಡಿ. ರಮ್ಮಿನಲ್ಲಿ ನೆನೆದ ಹಣ್ಣಿನ ಪ್ಲಮ್ ಕೇಕು ಎರಡು ದಿನ ಹೆಚ್ಚು ಕೂತಷ್ಟೂ ರುಚಿಯಾಗುತ್ತದೆ.